ಎಂಟು ಬಾಟಲಿ, ಎಂಟು ಕಿತ್ತಳೆ ಪಟ್ಟಿ

ಮಾನ್ಯ ಮುಖ್ಯ ತೀರ್ಪುಗಾರರೇ,

ನಮ್ಮ ನಗರದ ಮ್ಯಾರಥಾನ್‌ನಲ್ಲಿ ನಾಲ್ಕನೆಯವಳಾಗಿ ಗುರಿ ಮುಟ್ಟಿದ ನನ್ನ ತಂಗಿಯನ್ನು ತಾವು ಅನರ್ಹಗೊಳಿಸಿದ್ದೀರಿ. ಹೊರಗಿನವರಿಂದ ನೆರವು ಪಡೆದಳು ಎಂಬುದು ತಾವು ಕೊಟ್ಟ ಕಾರಣ. ಆ ಹೊರಗಿನವಳು ನಾನೇ. ಬರುವ ಸೋಮವಾರ ರಾಷ್ಟ್ರೀಯ ತಂಡದ ಪಟ್ಟಿ ಅಂತಿಮವಾಗುತ್ತದೆ. ಅರ್ಹತೆಯ ಗಡುವಿಗೆ ಇನ್ನೂ ಹನ್ನೊಂದು ಸೆಕೆಂಡು ಇರುವಾಗಲೇ ಅವಳು ಮುಟ್ಟಿದ್ದಳು. ವಯಸ್ಸು ಮೂವತ್ತನಾಲ್ಕು, ಇನ್ನೊಂದು ಅವಕಾಶವಿಲ್ಲ. ತಮ್ಮ ಕಚೇರಿಗೆ ಮೂರು ಸಲ ಅಲೆದೆ, ಮೂರು ಸಲವೂ ಸಾಹೇಬರು ಮೀಟಿಂಗಿನಲ್ಲಿದ್ದರು. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಸಂಗತಿ ತಮಗೆ ಗೊತ್ತಿದೆ, ಓದುವವರಿಗಾಗಿ ಹೇಳುತ್ತೇನೆ. ಮುಂಚೂಣಿಯ ಓಟಗಾರರು ತಮಗೆ ಹೊಂದುವ ಪಾನೀಯವನ್ನು ಎಂಟು ಬಾಟಲಿಗಳಲ್ಲಿ ತುಂಬಿ ಹಿಂದಿನ ದಿನವೇ ಒಪ್ಪಿಸುತ್ತಾರೆ. ಐದು ಕಿಲೋಮೀಟರಿಗೊಂದು ಮೇಜು, ಮೇಜಿಗೊಂದು ಬಾಟಲಿ. ಓಡುತ್ತಲೇ ಎತ್ತಿಕೊಳ್ಳಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ ಮೇಜು ಹಿಂದೆ ಬಿದ್ದಿರುತ್ತದೆ. ಅದಕ್ಕೇ ಎಲ್ಲರೂ ತಮ್ಮ ಬಾಟಲಿಗೆ ಏನಾದರೊಂದು ಗುರುತು ಕಟ್ಟುತ್ತಾರೆ. ನಾನು ಹೊಲಿಗೆಯವಳು, ಗುರುತಿನ ಕೆಲಸ ನನ್ನ ಪಾಲಿಗೆ ಬಂತು. ಕಿತ್ತಳೆ ಬಣ್ಣದ ಸ್ಯಾಟಿನ್ ಪಟ್ಟಿ, ಎರಡು ಬೆರಳು ಸಲೀಸಾಗಿ ತೂರುವ ಕುಣಿಕೆ, ಎಳೆದರೂ ಕಿತ್ತುಬಾರದ ಜೋಡಿ ಹೊಲಿಗೆ. ತಂಗಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಎಂಟಕ್ಕೆ ಹಾಜರಿರಬೇಕು. ಎರಡು ತಿಂಗಳು ದಿನಾ ಬೆಳಗ್ಗೆ ನನ್ನ ಇಸ್ತ್ರಿ ಮೇಜನ್ನು ಮೈದಾನಕ್ಕೆ ಹೊತ್ತುಕೊಂಡು ಹೋಗಿ ಬಾಟಲಿ ಇಟ್ಟೆ. ಮೊದಮೊದಲು ಮೇಜನ್ನೇ ಕೆಡವಿ, ನಿನ್ನ ಮೇಜಿಗೆ ಕಾಲೇ ಸರಿಯಿಲ್ಲ ಅಂತ ನನಗೇ ಬೈಯುತ್ತಿದ್ದಳು. ಕೊನೆಕೊನೆಗೆ ನೋಡುವುದೇ ಬೇಡ, ಕಿತ್ತಳೆ ಕಂಡರೆ ಕೈ ತಾನಾಗಿ ಹೋಗುತ್ತಿತ್ತು.

ಓಟದ ದಿನ ಒಂದು ಪಟ್ಟಿಯೂ ಇರಲಿಲ್ಲ. ಮೂವತ್ತನೆಯ ಕಿಲೋಮೀಟರಿನ ಮೇಜಿನ ಹತ್ತಿರ, ಹಗ್ಗದಾಚೆ ನಿಂತಿದ್ದೆ. ಹದಿನೈದು ಬಾಟಲಿ, ಎಲ್ಲವೂ ಬೋಳು, ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಮೇಜಿನ ಉಸ್ತುವಾರಿಯ ಹೆಂಗಸನ್ನು ಕೇಳಿದೆ. ಪಟ್ಟಿಗಳು ಇಳಿಬಿದ್ದು ಮೇಜಿನ ಮೇಲಿನ ಪ್ರಾಯೋಜಕರ ಹೆಸರನ್ನು ಮುಚ್ಚುತ್ತವೆ, ಎಲ್ಲ ಕತ್ತರಿಸಿ ಅಂತ ಮೇಲಿನಿಂದ ಆದೇಶ ಬಂದಿತ್ತಂತೆ. ಬಾಟಲಿಗೆ 'ಎದ್ದು ಕಾಣುವ ಗುರುತು ಹಾಕತಕ್ಕದ್ದು' ಎಂದು ತಮ್ಮದೇ ಕೈಪಿಡಿಯ ಆರನೆಯ ಪುಟ ಹೇಳುತ್ತದಲ್ಲ, ಮೇಲಿನವರು ಅದನ್ನು ಓದಿರಲಿಲ್ಲವೇ? ಅಥವಾ ಎದ್ದು ಕಾಣುವ ಹಕ್ಕು ಪ್ರಾಯೋಜಕರಿಗೆ ಮಾತ್ರ ಮೀಸಲೇ?

ತಂಗಿ ಬಂದಳು. ತುಟಿ ಒಣಗಿ ಬೆಳ್ಳಗಾಗಿತ್ತು. ಕೈ ಚಾಚಿದಳು, ಬಾಟಲಿಗಳ ಮೇಲೆ ಕೈ ಹುಡುಕುತ್ತ ಹೋಯಿತು, ಯಾರದೋ ಒಂದು ಬಿತ್ತು, ಬರಿಗೈಯಲ್ಲಿ ಓಡಿದಳು. ಅದುವರೆಗಿನ ಆರು ಮೇಜುಗಳಲ್ಲಿ ನಾಲ್ಕು ಹಾಗೇ ತಪ್ಪಿದ್ದವೆಂದು ಆಮೇಲೆ ಗೊತ್ತಾಯಿತು. ಉಸ್ತುವಾರಿಯ ಹೆಂಗಸು ತಳದಲ್ಲಿದ್ದ ಓಟಗಾರರ ಸಂಖ್ಯೆ ನೋಡಿ ಒಂದನ್ನು ಎತ್ತಿ, "ಇನ್ನೇನ್ ಮಾಡೋದಮ್ಮ ಇದನ್ನ, ತಗೊಂಡ್ಹೋಗು" ಎಂದು ತಂಗಿಯ ಬಾಟಲಿಯನ್ನು ನನಗೇ ಕೊಟ್ಟಳು. ಓಟದ ದಾರಿ ಮುಂದೆ ತಿರುಗಿ ಅದೇ ರಸ್ತೆಯ ಆಚೆ ಬದಿಯಲ್ಲಿ ವಾಪಸಾಗುತ್ತದೆ. ಮೇಲ್ಸೇತುವೆ ಹತ್ತಿ ಇಳಿದೆ. ನನ್ನ ಜಡೆಗೆ ಅದೇ ಸ್ಯಾಟಿನ್ನಿನ ತುಂಡು ಕಟ್ಟಿಕೊಂಡಿದ್ದೆ. ಬಿಚ್ಚಿ ಬಾಟಲಿಗೆ ಕುಣಿಕೆ ಹಾಕಿದೆ. ಮೇಜಿನಿಂದಲ್ಲದೆ ಹೊರಗಿನವರ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದೆಂಬ ನಿಯಮ ನೆನಪಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನೆನಪಾಯಿತು, ಆದರೂ ಚಾಚಿದೆ.

ಅವಳ ಕೈ ಬಂತು. ಅವಳು ಬರಲಿಲ್ಲ, ಕೈ ಬಂತು. ಎರಡು ತಿಂಗಳು ನಾನೇ ಕಲಿಸಿದ ಪಾಠ ಅದು. ಕುಣಿಕೆಗೆ ಬೆರಳು ತೂರಿದ ಮೇಲೆ ನನ್ನ ಮುಖ ನೋಡಿದಳು, ಮೂರನೆಯ ಹೆಜ್ಜೆಗೆ ಬಾಟಲಿಯನ್ನು ಬಿಸಾಡಿದಳು. ಓಟ ಮುಗಿದ ದಿನವೇ ನಮ್ಮಿಬ್ಬರನ್ನೂ ಕರೆಸಿ ತಮ್ಮ ಕೊಠಡಿಯ ಪರದೆಯ ಮೇಲೆ ಆ ದೃಶ್ಯವನ್ನು ನಾಲ್ಕು ಸಲ ಓಡಿಸಿದಿರಿ. ನಾಲ್ಕು ಸಲವೂ ಅವಳು ಕುಡಿಯಲಿಲ್ಲ. ಬಾಟಲಿ ಈಗ ನನ್ನ ಅಂಗಡಿಯ ಕಪಾಟಿನಲ್ಲಿದೆ. ಒಂದು ಕಡೆ ನೆಗ್ಗಿದೆ, ತುಂಬಿದ್ದು ತುಂಬಿದ ಹಾಗೇ ಇದೆ.

ಈಗ ತಮ್ಮ ನ್ಯಾಯಕ್ಕೆ ಬರೋಣ. ಇಂಥ ತಪ್ಪಿಗೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಅನರ್ಹತೆ ಎಂದು ಕೈಪಿಡಿಯ ಒಂಬತ್ತನೆಯ ಪುಟದಲ್ಲಿದೆ. ಹಾಗಿದ್ದರೆ ಎಚ್ಚರಿಕೆ ಎಲ್ಲಿ ಎಂದು ಕೇಳಿದ್ದಕ್ಕೆ ತಾವು ಶಾಂತವಾಗಿ ಹೇಳಿದಿರಿ: ಎಚ್ಚರಿಕೆಯನ್ನು ಓಡುತ್ತಿರುವಾಗಲೇ ಕೊಡಬೇಕು, ಅಲ್ಲಿ ನಮ್ಮ ತೀರ್ಪುಗಾರರು ಯಾರೂ ಇರಲಿಲ್ಲ, ಓಟ ಮುಗಿದ ಮೇಲೆ ಎಚ್ಚರಿಕೆ ಕೊಡಲು ಬರುವುದಿಲ್ಲ, ಆದ್ದರಿಂದ ಅನರ್ಹತೆಯೊಂದೇ ಉಳಿದ ದಾರಿ. ಆಹಾ! ತಮ್ಮ ತೀರ್ಪುಗಾರರು ಜಾಗದಲ್ಲಿ ಇಲ್ಲದ ತಪ್ಪಿಗೂ ನನ್ನ ತಂಗಿಯೇ ದಂಡ ತೆರಬೇಕೇ? ಕತ್ತರಿ ಹಿಡಿದವರನ್ನು ಯಾವ ಪುಟದಲ್ಲಿ ಹುಡುಕಲಿ? ನಿಯಮ ಎಲ್ಲರಿಗೂ ಒಂದೇ ಎಂದಿರಿ. ಒಂದೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಆ ಕೊಠಡಿಯಿಂದ ಹೊರಬಂದಾಗ ತಂಗಿ ಒಂದೇ ಮಾತು ಕೇಳಿದಳು: "ಅಕ್ಕ, ನನ್ನ ಕೈ ಬರುತ್ತೆ ಅಂತ ನಿಂಗೆ ಗೊತ್ತಿತ್ತಲ್ವಾ?" ಗೊತ್ತಿತ್ತು. ಒಂಬತ್ತು ದಿನವಾಯಿತು, ಒಂದೇ ಮನೆಯಲ್ಲಿದ್ದು ಮಾತಿಲ್ಲ. ಬೆಳಗ್ಗೆ ಎದ್ದು ಓಡುತ್ತಾಳೆ, ಕಚೇರಿಗೆ ಹೋಗುತ್ತಾಳೆ, ಬಂದು ಮಲಗುತ್ತಾಳೆ.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರದೊಳಗೆ ಅನರ್ಹತೆಯನ್ನು ರದ್ದುಮಾಡಿ, ಒಂಬತ್ತನೆಯ ಪುಟದಲ್ಲಿರುವ ಆ ಎಚ್ಚರಿಕೆಯನ್ನು ಕೊಡಿ. ಶಿಕ್ಷೆ ಆಗಲೇಬೇಕೆಂದರೆ ನನಗೆ ಆಗಲಿ. ಇನ್ನು ಯಾವ ಓಟದ ಹಗ್ಗದ ಹತ್ತಿರವೂ ಬರಬೇಡ ಎಂದು ಬರೆದುಕೊಡಿ, ಈಗಲೇ ಸಹಿ ಹಾಕುತ್ತೇನೆ. ಬೇಗ ಮಾಡಿ. ನಿನ್ನೆ ಅವಳು ಮನೆಯ ಬೀಗದ ಕೈಗಾಗಿ ಅಂಗಡಿಗೆ ಬಂದಳು. ಮಿಷನ್ ಮೇಲೆ ಕಿತ್ತಳೆ ಪಟ್ಟಿಯ ತುಂಡೊಂದು ಬಿದ್ದಿತ್ತು, ಪಕ್ಕದಲ್ಲೇ ಬೀಗದ ಕೈ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಾನೇ ಎತ್ತಿ ಕೊಡುವವರೆಗೆ ಹಾಗೇ ನಿಂತಿದ್ದಳು.

ಇಂತಿ,
ತಮ್ಮ ಕಡತದ ಪ್ರಕಾರ 'ಹೊರಗಿನ ವ್ಯಕ್ತಿ',
ಮನೆಯ ಲೆಕ್ಕದಲ್ಲಿ ಇನ್ನೂ ಅಕ್ಕ ಎಂದುಕೊಂಡಿರುವವಳು