ಹೆಸರಿಲ್ಲದ ಟ್ಯೂಬ್

ಜನವರಿ 12, ಬೆಳಿಗ್ಗೆ

ಹಿಮ ಬೀಳುತ್ತಿದೆ. ಲ್ಯಾಬಿನ ಬಿಸಿನೀರಿನ ತೊಟ್ಟಿ 37 ಡಿಗ್ರಿಗೆ ಬಂತು. ಇವತ್ತು ಪರೀಕ್ಷೆಗೆ ಎರಡೇ ರಕ್ತದ ಟ್ಯೂಬ್. ಶಾಲೆಯ ಅಡುಗೆಯ ಬುರುಲಕ್ಕನದೊಂದು — ಅವಳ ಹೃದಯದಲ್ಲಿ ಲೋಹದ ವಾಲ್ವ್. ನಮ್ಮ ಮಾವನವರದೊಂದು. ಇಬ್ಬರೂ ರಕ್ತ ತೆಳುವಾಗಿಸುವ ಮಾತ್ರೆಯವರು. ಮೂವತ್ತು ಸೆಕೆಂಡಿನ ಆಸುಪಾಸು ಹೆಪ್ಪುಗಟ್ಟಿದರೆ ಕ್ಷೇಮ; ಬೇಗ ಗಟ್ಟಿದರೆ ಮಾತ್ರೆ ಸಾಲದು, ತಡವಾದರೆ ಹೆಚ್ಚಾಗಿದೆ.

"ಪರೀಕ್ಷೆ ಮಾಡ್ತೀಯೋ, ಸೂಪ್ ಮಾಡ್ತೀಯೋ? ಉಪ್ಪು ಮರೀಬೇಡ ಕಣೇ!" ಎಂದು ನಕ್ಕು, ಮೇಜಿನ ಮೇಲೆ ಒಣಮೊಸರಿನ ನಾಲ್ಕು ಕುರುತ್ ಉಂಡೆ ಇಟ್ಟು ಹೋದಳು ಬುರುಲಕ್ಕ.

ಮಾವನವರ ಟ್ಯೂಬಿಗೆ ಎಂದಿನಂತೆ ಖಾಲಿ ಲೇಬಲ್. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ನನಗೆ ಬರೆಯಲೂ ಕೈ ಬಾರದು. ಒಂಬತ್ತು ವರ್ಷದಿಂದ ಖಾಲಿ ಎಂದರೆ ನಮ್ಮ ಮನೆಯದು.

ಮಧ್ಯಾಹ್ನ

ನೀರಿನಲ್ಲಿ ಬುರುಲಕ್ಕನ ಲೇಬಲ್ ಶಾಯಿ ಕರಗಿದೆ. ಎರಡೂ ಖಾಲಿ.

ಒಂದು ಹದಿನೇಳು ಸೆಕೆಂಡು. ಇನ್ನೊಂದು ನಲವತ್ತೊಂಬತ್ತು.

ಮಾವನವರು ಮರೆಗುಳಿ, ಮಾತ್ರೆ ಬಿಟ್ಟಿರುತ್ತಾರೆ... ಹದಿನೇಳು ಅವರದೇ. ಡಾಕ್ಟರಿಗೆ ಫೋನ್ ಮಾಡಿ ಹಾಗೇ ಹೇಳಿದೆ. "ಬುರುಲ್‌ಗೆ ಮಾತ್ರೆ ನಿಲ್ಸಿ. ನಿಮ್ಮ ಮಾವನಿಗೆ ಜಾಸ್ತಿ ಮಾಡಿ."

ಶಾಲೆ ನೂರು ಹೆಜ್ಜೆ. ಹೋಗಿ ಮತ್ತೆ ರಕ್ತ ತೆಗೆಯಬಹುದಿತ್ತು. ಚಳಿ ಎಂದು ಹೋಗಲಿಲ್ಲ; ಮಾತ್ರೆ ನಿಲ್ಲಿಸೆಂದು ಬುರುಲಕ್ಕನಿಗೆ ಫೋನಿನಲ್ಲೇ ಹೇಳಿದೆ.

ಜನವರಿ 18

ಬೆಳಿಗ್ಗೆ ಚಹಾ ಕುಡಿಯುವಾಗ ಮಾವನವರ ಮೂಗಿನಿಂದ ರಕ್ತ. ರೊಟ್ಟಿಯ ಮೇಲೆ ಬಿತ್ತು. ನಿಲ್ಲುತ್ತಲೇ ಇಲ್ಲ. ಮರೆತು ಮಾತ್ರೆ ಎರಡೆರಡು ಸಲ ನುಂಗುತ್ತಿದ್ದರಂತೆ, ಮೊದಲಿನಿಂದಲೂ.

ಹಾಗಾದರೆ ಹದಿನೇಳು —

ಶಾಲೆಗೆ ಓಡಿದೆ. ಒಲೆ ಉರಿಯುತ್ತಿತ್ತು. ಬುರುಲಕ್ಕ ನೆಲದ ಮೇಲಿದ್ದಳು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಸಂಜೆ ಹೋಗಿಬಿಟ್ಟಳು.

ಫೆಬ್ರವರಿ 9

ಮಾವನವರು ಚೇತರಿಸಿಕೊಂಡರು. ನಾನು ಯಾರಿಗೂ ಹೇಳಿಲ್ಲ.

ಹೆಪ್ಪು ನೋಡಲು ಟ್ಯೂಬ್ ಓರೆ ಮಾಡಿದಾಗಲೆಲ್ಲ ಬೆನ್ನ ಹಿಂದೆ ಬುರುಲಕ್ಕ. "ಉಪ್ಪು ಹಾಕಿದ್ಯೇನೇ?" ತಿರುಗಿದರೆ ಕೋಟಿನ ಗೂಟ. ಕುರುತ್ ಇನ್ನೂ ಮೇಜಿನ ಮೇಲಿದೆ. ತಿನ್ನಲಾರೆ, ಎಸೆಯಲಾರೆ. ಇವತ್ತು ಎಣಿಸಿದೆ, ಮೂರೇ ಇವೆ... ಭಯವಾಗುತ್ತದೆ.

ಫೆಬ್ರವರಿ 26

ಬುರುಲಕ್ಕನ ನಲವತ್ತನೇ ದಿನದ ಊಟ. ಅವಳ ಗಂಡ ಕಾಸಿಮಾಲಿ ನನ್ನ ತಟ್ಟೆಗೆ ತಾನೇ ಮಾಂಸ ಬಡಿಸಿದ. "ಅವಳ ಮಾತ್ರೆ ಯಾಕೆ ನಿಲ್ಸಿದ್ರು, ತಂಗೀ? ನಿಂಗೊತ್ತಿರುತ್ತೆ."

"ಡಾಕ್ಟರನ್ನೇ ಕೇಳ್ಬೇಕು ಅಣ್ಣ" ಎಂದೆ. ಥೂ ನನ್ನ ಬಾಳಿಗೆ.

ಫೆಬ್ರವರಿ 27

ಮಾವನವರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ನನ್ ಹೆಸ್ರು ಬರೆದಿದ್ರೆ ನಾನೇನು ಸಾಯ್ತಿರ್ಲಿಲ್ಲ, ಮಗಳೇ" ಎಂದರು. "ನೀನು ಬರೀದೆ ಇದ್ದಿದ್ದಕ್ಕೆ ಅವಳು ಹೋದ್ಲು. ಕಾಸಿಮಾಲಿಗೆ ಎಲ್ಲಾ ಬರ್ಕೊಡು. ನನ್ ಹೆಸ್ರೂ ಬರಿ."

"ಅಪ್ಪಾ, ಅದೊಂದು ಬೇಡ..."

"ಅದನ್ನೇ ಮೊದ್ಲು ಬರಿ."

ಪೆನ್ನು ಹಿಡಿದು ಕೂತಿದ್ದೇನೆ. ಬಾಗಿಲಲ್ಲಿ ಅವರು ನಿಂತಿದ್ದಾರೆ. ಅವರ ಪಕ್ಕದಲ್ಲಿ ಅವಳೂ. ಮೊದಲು ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಕಾಗದದಲ್ಲಿ.

ಕಾಸಿಮಾಲಿ ಅಣ್ಣನಿಗೆ — ಆ ದಿನ ನನ್ನ ಮುಂದೆ ಎರಡು ಖಾಲಿ ಲೇಬಲ್ ಇದ್ದವು. ಒಂದು ಬುರುಲಕ್ಕನದು. ಇನ್ನೊಂದು ನನ್ನ ಮಾವ ಜ —