ಗೋಲಿಯ ಹೊಕ್ಕುಳು

ಅಪ್ಪಾ,

ನೀನು ಕೂಡಿಟ್ಟಿದ್ದ ಗೋಲಿಗಳಿಗೊಂದು ಡಬ್ಬಿ ತರಲೆಂದು ಇವತ್ತು ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಕೆಂಪು ಸುರುಳಿಯ ಗೋಲಿಯೊಂದನ್ನು ನನ್ನ ಅಂಗೈಯಲ್ಲಿಟ್ಟರು.

"ನಿಮ್ಮಪ್ಪ ಪತ್ತೇನೇ ಇಲ್ಲ? ಇದಕ್ಕೆ ಹೊಕ್ಕುಳಿದೆಯಾ ನೋಡೋಕೆ ಹೇಳಿ. ಕೈಯಲ್ಲಿ ಮಾಡಿದ್ದು ಅಂತ ಅವರು ಹೇಳಿದ್ರೆ ಸಾಕು, ಬೆಲೆ ಕಟ್ಟೋಕೆ ನಂಗೆ ಧೈರ್ಯ."

ನೀನಿನ್ನಿಲ್ಲ ಎನ್ನಲು ಬಾಯೇ ಬರಲಿಲ್ಲ. "ತೋರಿಸ್ತೀನಿ" ಎಂದುಬಿಟ್ಟೆ.

ಆಗಿನಿಂದ ಉಗುರಿನಲ್ಲಿ ತಡಕುತ್ತಿದ್ದೇನೆ. ಕೈಯಲ್ಲಿ ಮಾಡುವಾಗ ಗೋಲಿಯನ್ನು ಗಾಜಿನ ಕಡ್ಡಿಯಿಂದ ಕತ್ತರಿಸಿ ಬೇರ್ಪಡಿಸಿದಲ್ಲಿ ಉಳಿಯುವ ಒರಟು ಚುಕ್ಕೆಯೇ ಹೊಕ್ಕುಳು, ಅಷ್ಟು ನೆನಪಿದೆ. ಒಂದು ಒರಟು ಚುಕ್ಕೆ ಸಿಕ್ಕಿದೆ. ಅದು ಹೊಕ್ಕುಳೋ, ಬಿದ್ದು ಚಕ್ಕೆ ಎದ್ದದ್ದೋ? ಗುರುತಿಸುವುದು ಹೇಗೆಂದು ಎಷ್ಟು ಸಲ ಹೇಳಿದ್ದೆ ನೀನು! ನಾನು ಹೂಂಗುಟ್ಟಿದ್ದಷ್ಟೇ ನೆನಪು.

ಫೋನ್ ಬಡಿದುಕೊಳ್ಳುತ್ತಿದೆ, ಅಂಗಡಿಯವರದೇ. "ಏನಂದ್ರು ನಿಮ್ಮಪ್ಪ?" ಎಂದು ಕೇಳುತ್ತಾರೆ.

ಹೇಳಪ್ಪಾ, ಏನಂದೆ?