ಗಂಗಮ್ಮ ಕೊಟ್ಟ ಹಣ್ಣು

೧೯೦೮ ಫೆಬ್ರವರಿ ೩, ಸೋಮವಾರ. ಹಾಲುರಾಮೇಶ್ವರ

ಬೆಳಗಿನಿಂದ ಮೂರು ಸಲ ಮುಳುಗಿ ಎದ್ದೆ. ಸೀರೆ ಮೈಮೇಲೇ ಒಣಗಿತು, ಮತ್ತೆ ನೆನೆಯಿತು. ಇಲ್ಲಿ ಗಂಗಮ್ಮನ ಕೊಳದಲ್ಲಿ ಸೆರಗೊಡ್ಡಿ ನಿಲ್ಲಬೇಕು. ಗಂಗಮ್ಮ ಒಲಿದರೆ ನೀರೊಳಗಿಂದ ಹಣ್ಣೋ ಹೂವೋ ತೇಲಿ ಬರುತ್ತದೆ, ಮಕ್ಕಳಾಗುತ್ತವೆ. ನನ್ನ ಸೆರಗಿಗೆ ಬಂದದ್ದು ಒಂದು ಒಣ ಎಲೆ. ಅತ್ತೆ ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದರು. ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷ.

ಫೆಬ್ರವರಿ ೪

ಹಿರಿಯೂರು ಕಡೆಯ ಏಕನಾಥಮ್ಮ ಎಂಬುವಳಿಗೆ ಸಂಪಿಗೆ ಹೂ ಬಂತು. ನೀರಲ್ಲೇ ನಿಂತು ಅತ್ತಳು. ನನಗೆ ಇಲ್ಲ.

ಊಟಕ್ಕೆ ಕುಳಿತಾಗ ಅತ್ತೆ ಹೇಳಿದರು — "ನಾಳೆ ಒಂದಿನ ನೋಡಾಣ ಮರುಳಮ್ಮ. ಬರಲಿಲ್ಲ ಅಂದ್ರೆ ಗಾಡಿ ಸೀದಾ ಹೊಸದುರ್ಗಕ್ಕೇ ಹೊಡಿಸ್ತೀನಿ. ನಿಮ್ಮಪ್ಪನ ಹತ್ರ ಇವನಿಗೆ ಮಂಗಳನ್ನ ಕೇಳ್ತೀನಿ. ಹೊರಗಿನವಳನ್ನ ತಂದು ನಿನ್ನ ತಲೆ ಮೇಲೆ ಕೂರಿಸಲ್ಲ."

ಪ್ರೀತಿಯಿಂದಲೇ ಹೇಳಿದರು. ನಮ್ಮ ಯಜಮಾನರು, ಇವರು, ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು.

ಮಂಗಳ ನನ್ನ ತಂಗಿ, ಸರ್ವಮಂಗಳ. ಹದಿಮೂರು ವರ್ಷ. ಅಪ್ಪ ಮೇಷ್ಟ್ರು, ಅವಳನ್ನು ಮೈಸೂರಿಗೆ ಓದಲು ಕಳಿಸಬೇಕೆಂದಿದ್ದಾರೆ. ಆದರೆ ಅತ್ತೆ ಕೇಳಿದರೆ ಇಲ್ಲ ಎನ್ನಲಾರರು... ನನ್ನನ್ನು ತವರಿಗೆ ಅಟ್ಟಿಯಾರು ಎಂಬ ಹೆದರಿಕೆ.

ಫೆಬ್ರವರಿ ೫

ಮಾಡಿಬಿಟ್ಟೆ.

ಪೂಜೆಗೆ ತಂದ ಬಾಳೆಯ ಚಿಪ್ಪಿನಿಂದ ಒಂದು ಹಣ್ಣು ಮುರಿದೆ. ಸೀರೆಯ ನೆರಿಗೆಯೊಳಗೆ ಸಿಕ್ಕಿಸಿಕೊಂಡು ಇಳಿದೆ. ಮುಳುಗಿ, ಮೊಣಕಾಲಿನ ಹತ್ತಿರ ಬಿಟ್ಟೆ. ನಾನು ಏಳುವ ಮೊದಲೇ ಅದು ಎದ್ದಿತ್ತು.

ಅತ್ತೆ ನೀರಿಗಿಳಿದು ನನ್ನನ್ನು ತಬ್ಬಿಕೊಂಡರು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಹಣ್ಣನ್ನು ನಾನೂ ಇವರೂ ಹಂಚಿಕೊಂಡು ತಿನ್ನಬೇಕಾಯಿತು.

ಮಾರ್ಚ್ ೧೮. ಹೊಳಲ್ಕೆರೆ

ಕೊಡ ಎತ್ತುವಂತಿಲ್ಲ. ಬೀಸುವಂತಿಲ್ಲ. ಬಂದವರಿಗೆಲ್ಲ ಅತ್ತೆ ಹಣ್ಣಿನ ಕಥೆ ಹೇಳುತ್ತಾರೆ. ಪ್ರತಿ ಸಲವೂ ಹಣ್ಣು ದೊಡ್ಡದಾಗುತ್ತಿದೆ. ತಿಂಗಳ ಬಟ್ಟೆಯನ್ನು ಹಿತ್ತಲಲ್ಲಿ ಕದ್ದು ಒಣಗಿಸುತ್ತೇನೆ.

ಇವರು ಇವತ್ತು ಇದ್ದಕ್ಕಿದ್ದಂತೆ, "ಅವತ್ತು ಆ ಹಣ್ಣು ಬೆಚ್ಚಗಿತ್ತು" ಎಂದರು. ನಾನು ಒಲೆಯ ಕಡೆ ತಿರುಗಿದೆ. ಇವರು ಆ ಮಾತು ಮತ್ತೆ ಎತ್ತಲಿಲ್ಲ.

ಜೂನ್ ೨೯

ಅಪ್ಪನ ಕಾಗದ. ಮಂಗಳ ಮೈಸೂರು ಸೇರಿದಳು. ಸ್ಕಾಲರ್‌ಷಿಪ್ಪೂ ಆಯಿತಂತೆ. ಮೂರು ಸಲ ಓದಿದೆ. ಇನ್ನು ನನಗೆ ಏನಾದರೂ ಆಗಲಿ.

ಅತ್ತೆಗೆ ನಿಜ ಹೇಳಿಬಿಡಬೇಕು. ನಾಳೆ.

ನವೆಂಬರ್ ೯. ಹಾಲುರಾಮೇಶ್ವರ

ಇನ್ನೂ ಹೇಳಿಲ್ಲ. ಬಸಿರು ನಿಂತಿಲ್ಲ, ಆದರೆ ಹಣ್ಣು ಬಂದವಳಿಗೆ ವರ್ಷದೊಳಗೆ ಫಲ ಎಂದು ಅತ್ತೆ ಕಾಯುತ್ತಿದ್ದಾರೆ.

ಪಕ್ಕದ ಮನೆಯ ಸೊಸೆ ಓಬಕ್ಕನನ್ನು ಕರೆತಂದಿದ್ದೇವೆ. ಹದಿನೆಂಟಿರಬಹುದು. ಅವಳ ಗಂಡನಿಗೆ ಬೇರೆ ಹೆಣ್ಣು ನೋಡಿಟ್ಟಿದ್ದಾರೆ. ಹೊರಡಿಸಿದ್ದು ಅತ್ತೆಯೇ — "ನಮ್ಮ ಮರುಳಮ್ಮಗೆ ಒಲಿದಾಳೆ. ಇವಳ ಪಕ್ಕ ನಿಂತ್ಕಂಡ್ರೆ ನಿನಗೂ ಒಲಿತಾಳೆ ಬಾರೆ."

ನವೆಂಬರ್ ೧೧, ಮಧ್ಯಾಹ್ನ ಎರಡು ಗಂಟೆ

ಮೂರನೆಯ ದಿನ. ಓಬಕ್ಕನಿಗೆ ಏನೂ ಬಂದಿಲ್ಲ. ತುಟಿ ನೀಲಿಗಟ್ಟಿದೆ. ನೀರಿನಲ್ಲಿ ನಿಂತೇ ಕೇಳಿದಳು, "ಅಕ್ಕ, ನೀವು ಮನಸ್ನಾಗೆ ಏನಂತ ಬೇಡ್ಕಂಡಿದ್ರಿ?"

ತಡೆಯಲಾಗಲಿಲ್ಲ. ಬಂದಿರಲಿಲ್ಲ, ನಾನೇ ಬಿಟ್ಟೆ ಎಂದೆ.

ನನ್ನ ಸೆರಗು ಹಿಡಿದುಕೊಂಡಳು. "ನನಗೂ ಹಂಗೇ ಮಾಡ್ಕೊಡ್ರಿ. ಒಂದು ವರ್ಷ ಸಿಕ್ರೆ ಸಾಕು."

ಮೇಲೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಹೊಡೆಯಲಿಲ್ಲ. ಸೆರಗಿನ ಅಂಚು ತಿರುವುತ್ತ ಹೇಳಿದರು —

"ಊರ್ನಾಗೆ ಎಷ್ಟು ಜನಕ್ಕೆ ಹೇಳೀನಿ ಗೊತ್ತೈತಾ? ನನ್ನ ಮಾತು ನಂಬಿ ಎಷ್ಟು ಮನೆಯೋರು ಇಲ್ಲಿಗೆ ಬಂದು ಹೋದ್ರು? ಇನ್ನು ಈ ವಿಷಯಕ್ಕೆ ಬಾಯಿ ತೆಗೀಬ್ಯಾಡ."

ಚಿಪ್ಪಿನಿಂದ ಒಂದು ಹಣ್ಣು ಮುರಿದು ನನ್ನ ಮಡಿಲಿಗೆ ಹಾಕಿದರು. "ಆ ಹುಡುಗಿ ಬರಿಗೈಲಿ ಹೋದ್ರೆ ನಮ್ಮನ್ನೇ ಕೇಳ್ತಾರೆ. ಹೋಗು."

ಮೂರಕ್ಕೆ ಇಳಿಯಬೇಕು. ಓಬಕ್ಕ ಛತ್ರದ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಮಡಿಲನ್ನೇ ನೋಡುತ್ತಿದ್ದಾಳೆ. ಕೊಳದಲ್ಲಿ ನೀರು ಹೋದ ಸಲಕ್ಕಿಂತ ಹೆಚ್ಚಿದೆ. ಎಷ್ಟು ಆಳದಲ್ಲಿ ಬಿಟ್ಟರೆ ಅವಳ ಸೆರಗಿಗೇ ತೇಲಿ ಬರುತ್ತದೋ.